ಬ್ರೇಕು ಕಲಿಯಲು ಮುನ್ನೂರು ಕಿಲೋಮೀಟರು

ಬೆಳಗಿನ ಏಳೂವರೆ. ಸಾಲಾಗಿ ನಿಂತ ಕಾರುಗಳ ಡಿಕ್ಕಿಗಳೆಲ್ಲ ಬಾಯಿ ತೆರೆದಿವೆ. ಒಳಗಿದ್ದ ಸಂಸಾರ ಒಂದೊಂದಾಗಿ ಹೊರಬೀಳುತ್ತಿದೆ. ಸ್ಟೆಪ್ನಿ, ಜಾಕು, ಮಗುವಿನ ಒಂಟಿ ಚಪ್ಪಲಿ, ಮಳೆಗಾಲ ಮುಗಿದರೂ ಕಾರಿನಿಂದ ಇಳಿಯದ ಕೊಡೆ, ಧರ್ಮಸ್ಥಳದ ಪ್ರಸಾದದ ಪೊಟ್ಟಣ, ಅರ್ಧ ಕುಡಿದ ನೀರಿನ ಬಾಟಲಿಗಳು. ತಪಾಸಣೆಗೆ ಬಂದವರು ಮೊದಲು ಸೀಟಿನ ಅಡಿ ಕೈ ಹಾಕಿ ತಡಕುವುದೇ ಈ ಬಾಟಲಿಗಳಿಗಾಗಿ. ಜೋರಾಗಿ ಬ್ರೇಕು ಹಾಕಿದಾಗ ಬಾಟಲಿ ಉರುಳಿ ಬಂದು ಪೆಡಲಿನ ಕೆಳಗೆ ಕೂತರೆ ಮುಂದಿನದು ಕಾಲಿನ ಕೈಯಲ್ಲಿಲ್ಲ. ಡ್ರೈವರ್ ಕಡೆಯ ಮ್ಯಾಟೂ ಹೊರಗೆ. ಡ್ಯಾಶ್‌ಬೋರ್ಡಿನ ಗಣಪನನ್ನು ಎರಡು ಬೆರಳಲ್ಲಿ ಅಲ್ಲಾಡಿಸಿ ನೋಡುತ್ತಾರೆ. ಗಟ್ಟಿಯಾಗಿ ಅಂಟಿದ್ದರೆ ಸರಿ. ಅಲ್ಲಾಡಿದರೆ ಅವನೂ ಇಳಿಯಬೇಕು. ನಮ್ಮ ಗಣಪ ಇಳಿದ.

ಜಾಗ, ಚೆನ್ನೈಗೆ ಸುಮಾರು 40 ಕಿಲೋಮೀಟರು ಮೊದಲೇ ಹೆದ್ದಾರಿಯ ಪಕ್ಕ ಸಿಗುವ ಇರುಂಗಾಟ್ಟುಕೋಟ್ಟೈ. ಮದ್ರಾಸ್ ಇಂಟರ್‌ನ್ಯಾಷನಲ್ ಸರ್ಕ್ಯೂಟ್ ಇರುವುದು ಇಲ್ಲೇ. ಬಂದವರ ನಂಬರ್ ಪ್ಲೇಟು ನೋಡಿದರೆ ಕೆಎ ಅಕ್ಷರಗಳೇ ಮತ್ತೆ ಮತ್ತೆ ಕಣ್ಣಿಗೆ ಬೀಳುತ್ತವೆ. ಕಾರುಗಳು ಮೈಚಾಚಿ ಓಡುವಂಥ ದೊಡ್ಡ ಸರ್ಕ್ಯೂಟು ಬೆಂಗಳೂರಿಗಿಲ್ಲ. ಹಾಗಾಗಿ ಸಾಫ್ಟ್‌ವೇರ್ ಕೆಲಸದವರು, ದಂತವೈದ್ಯರು, ಅಪ್ಪನ ಹಾರ್ಡ್‌ವೇರ್ ಅಂಗಡಿ ನೋಡಿಕೊಳ್ಳುವ ಹುಡುಗರು ನಡುರಾತ್ರಿ ಕಳೆದ ಮೇಲೆ ಹೊಸೂರು, ಕೃಷ್ಣಗಿರಿ ದಾಟಿಕೊಂಡು, ಸುಮಾರು ಮುನ್ನೂರು ಕಿಲೋಮೀಟರು ಬಂದು, ಇಲ್ಲಿ ಡಿಕ್ಕಿ ಖಾಲಿ ಮಾಡುತ್ತಾರೆ. ಕಾರುಗಳೂ ಅಂಥ ಚಿತ್ರವಿಚಿತ್ರದವಲ್ಲ. ಪೋಲೊ, ಸ್ವಿಫ್ಟ್, ಹಳೆಯ ಹೋಂಡಾ ಸಿಟಿ. ಸೋಮವಾರ ಇವೇ ಸಿಲ್ಕ್ ಬೋರ್ಡ್ ಸಿಗ್ನಲ್ಲಿನಲ್ಲಿ ಮೊದಲನೇ ಗೇರಿನಲ್ಲಿ ತೆವಳಬೇಕು.

ಇದಕ್ಕೆ ಹೆಸರು ಟ್ರ್ಯಾಕ್ ಡೇ. ರೇಸ್ ಅಲ್ಲ ಎಂಬುದನ್ನು ಬೆಳಗಿನ ಸಭೆಯಲ್ಲಿ ನಾಲ್ಕು ಸಲವಾದರೂ ಹೇಳುತ್ತಾರೆ. ಕಪ್ಪಿಲ್ಲ, ಮೊದಲಿಗನಿಲ್ಲ, ಕೊನೆಯವನಿಲ್ಲ. ಹಣ ಕಟ್ಟಿ, ಹೆಲ್ಮೆಟ್ ಹಾಕಿಕೊಂಡು, ನಿಮ್ಮದೇ ಕಾರನ್ನು ನಿಜವಾದ ರೇಸ್‌ಟ್ರ್ಯಾಕಿನ ಮೇಲೆ ಹದಿನೈದಿಪ್ಪತ್ತು ನಿಮಿಷಗಳ ಸರದಿಯಲ್ಲಿ ಓಡಿಸುವುದು. ಸರದಿ ಮುಗಿದ ಮೇಲೆ ಬಂದು ನೀರು ಕುಡಿದು, ಏನು ತಪ್ಪಾಯಿತೆಂದು ಕೇಳಿಸಿಕೊಳ್ಳುವುದು. ಹೊಸಬರ ಪಕ್ಕದಲ್ಲಿ ಕಲಿಸುವವರು ಕೂರುತ್ತಾರೆ. ಅವರ ಧೈರ್ಯದ ಬಗ್ಗೆ ಬೇರೆಯೇ ಲೇಖನ ಬರೆಯಬಹುದು.

ಹವ್ಯಾಸಿಗಳು ಸ್ವಂತ ಕಾರು ತಂದು ರೇಸಿನ ದಾರಿಯಲ್ಲಿ ಓಡಿಸುವುದು ಈಚಿನ ಶೋಕಿಯೇನಲ್ಲ. ಜರ್ಮನಿಯ ಐಫೆಲ್ ಬೆಟ್ಟಗಳ ನಡುವೆ 1927ರಲ್ಲಿ ತೆರೆದ ನ್ಯೂರ್ಬರ್ಗ್‌ರಿಂಗ್ ಹುಟ್ಟಿನಿಂದಲೇ ಸಾರ್ವಜನಿಕರಿಗೂ ತೆರೆದಿತ್ತು. ಅದರ ಉತ್ತರದ ಸುತ್ತು 20.8 ಕಿಲೋಮೀಟರು. ರೇಸಿಲ್ಲದ ದಿನ ಅದು ಟೋಲ್ ಕಟ್ಟಿ ಹೋಗುವ ಒಮ್ಮುಖ ರಸ್ತೆ, ಇವತ್ತಿಗೂ. ಅಮೆರಿಕದಲ್ಲಿ ಬಾಬ್ ಬಾಂಡುರಂಟ್ ಎಂಬ ರೇಸರ್ 1967ರಲ್ಲಿ ದೊಡ್ಡ ಅಪಘಾತಕ್ಕೆ ಸಿಕ್ಕಿ ಹಾಸಿಗೆ ಹಿಡಿದಾಗ, ಇನ್ನು ಕಲಿಸುವುದೇ ಮೇಲು ಎನಿಸಿ ಮರುವರ್ಷ ಕ್ಯಾಲಿಫೋರ್ನಿಯಾದಲ್ಲಿ ಶಾಲೆ ತೆರೆದ. ನಟ ಪಾಲ್ ನ್ಯೂಮನ್ ಸಿನಿಮಾ ಪಾತ್ರವೊಂದಕ್ಕಾಗಿ ಅವನ ಬಳಿ ಕಾರು ಕಲಿಯಲು ಹೋಗಿ, ಮುಂದೆ ನಿಜವಾಗಿಯೂ ರೇಸರ್ ಆಗಿಬಿಟ್ಟ.

ನಮ್ಮ ದಕ್ಷಿಣದ ಕತೆ ಶೋಲಾವರಂನದು. ಎರಡನೇ ಮಹಾಯುದ್ಧದ ಕಾಲದ ಹಳೆಯ ಏರ್‌ಸ್ಟ್ರಿಪ್ಪು. ವಿಮಾನಗಳು ಹೋದ ಮೇಲೆ ಕಾರು, ಬೈಕುಗಳು ಬಂದವು. 1953ರಲ್ಲಿ ಹುಟ್ಟಿದ ಮದ್ರಾಸ್ ಮೋಟರ್ ಸ್ಪೋರ್ಟ್ಸ್ ಕ್ಲಬ್ಬು ಅಲ್ಲಿ ದಶಕಗಳ ಕಾಲ ರೇಸು ನಡೆಸಿತು. ಬೆಂಗಳೂರಿನಿಂದ ಮೆಕ್ಯಾನಿಕ್ಕುಗಳೂ ಉದ್ಯಮಿಗಳೂ ಅಲ್ಲಿಗೆ ಹೋಗುತ್ತಿದ್ದರು. ವಿಜಯ್ ಮಲ್ಯ ಹಳೆಯ ಫಾರ್ಮುಲಾ ಒನ್ ಕಾರನ್ನು ತಂದು ಓಡಿಸಿದ್ದೂ ಅಲ್ಲೇ. ಆಮೇಲೆ ಅದೇ ಕ್ಲಬ್ಬು ಇರುಂಗಾಟ್ಟುಕೋಟ್ಟೈಯಲ್ಲಿ ಸ್ವಂತ ಟ್ರ್ಯಾಕು ಕಟ್ಟಿಸಿತು. 1990ರಲ್ಲಿ ಶುರುವಾದ ಈ ಟ್ರ್ಯಾಕಿನ ಒಂದು ಸುತ್ತು 3.717 ಕಿಲೋಮೀಟರು, ಹನ್ನೆರಡು ತಿರುವು. ಇಲ್ಲಿನವರ ಬಾಯಲ್ಲಿ ತಿರುವುಗಳಿಗೆ ಸಿ-ಒನ್, ಸಿ-ಟೂ ಎಂದೇ ಹೆಸರು. ಕೊಯಮತ್ತೂರಿನ ಬಳಿ ಕರಿ ಮೋಟರ್ ಸ್ಪೀಡ್‌ವೇ 2003ರಲ್ಲಿ ಬಂತು. 1995ರಲ್ಲಿ ವಿಮಾನ ಅಪಘಾತದಲ್ಲಿ ತೀರಿಕೊಂಡ, ಭಾರತದಲ್ಲೇ ಅಗ್ಗದ ರೇಸ್ ಕಾರು ಕಟ್ಟಿದ ಎಸ್. ಕರಿವರ್ಧನ್ ಅವರ ನೆನಪಿನ ಹೆಸರು ಅದು. ದಿಲ್ಲಿ ಹತ್ತಿರದ ಬುದ್ಧ ಸರ್ಕ್ಯೂಟಿನಲ್ಲಿ 2011ರಿಂದ 2013ರವರೆಗೆ ಮೂರು ಫಾರ್ಮುಲಾ ಒನ್ ರೇಸು ನಡೆದವು, ಮೂರನ್ನೂ ಸೆಬಾಸ್ಟಿಯನ್ ವೆಟ್ಟಲ್ ಗೆದ್ದ. ಅದು ನಮಗೆ ದೂರ.

ಮತ್ತೆ ಬೆಳಗಿನ ಸಭೆಗೆ ಬರೋಣ. ಕಲಿಸುವವರು ಬೆಂಗಳೂರಿನವರೇ. ಹಿಂದೆ ರೇಸು ಓಡಿಸುತ್ತಿದ್ದವರು, ಕೂದಲು ಬೆಳ್ಳಗಾಗಿದೆ, ಮಾತು ಕಡಿಮೆ. ‘ಇಲ್ಲಿ ಯಾರ್ ಯಾರು ಬ್ರೇಕನ್ನ ಪೂರ್ತಿ ಒತ್ತಿದ್ದೀರಿ, ಕೈಯೆತ್ತಿ’ ಎಂದರು. ಇಪ್ಪತ್ತು ವರ್ಷ ಕಾರು ಓಡಿಸಿದವರಿದ್ದರು. ಒಂದೆರಡು ಕೈ ಅರ್ಧ ಎದ್ದು ನಿಂತವು. ‘ನಿಮ್ಗೆ ಲೈಸೆನ್ಸ್ ಕೊಟ್ಟಿದ್ ಯಾಕೆ ಹೇಳಿ? ಎಂಟು ಹಾಕಿದ್ರಿ, ರಿವರ್ಸ್ ತಗೊಂಡ್ರಿ, ಅದಕ್ಕೆ.’ ಎಲ್ಲರೂ ನಕ್ಕರು. ನಗುವ ಮಾತೇನಲ್ಲ ಎಂದು ನನಗೆ ಹೊಳೆದದ್ದು ಆಮೇಲೆ. ಡ್ರೈವಿಂಗ್ ಸ್ಕೂಲಿನಲ್ಲಿ ನನಗೆ ಕಲಿಸಿದ್ದು ಕ್ಲಚ್ಚು, ಹಾರನ್ನು, ಮತ್ತು ‘ಎಡಕ್ಕೆ ಒತ್ತಿಕೊಂಡು ಹೋಗಿ ಸಾರ್’ ಎಂಬ ಒಂದು ವಾಕ್ಯ. ಪಕ್ಕದಲ್ಲಿ ಕೂತವರ ಕಾಲಿನಡಿಯೂ ಒಂದು ಬ್ರೇಕಿತ್ತು. ನಾನು ಹಾಕಬೇಕಾದ ಬ್ರೇಕನ್ನೆಲ್ಲ ಅವರೇ ಹಾಕುತ್ತಿದ್ದರು.

ಮೊದಲ ಪಾಠ ತಿರುವಿನಲ್ಲಲ್ಲ, ನೇರ ದಾರಿಯಲ್ಲಿ. ಕೋನ್ ಇಟ್ಟಿರುತ್ತಾರೆ. ನೂರರ ವೇಗದಲ್ಲಿ ಬಂದು, ಕೋನ್ ಹತ್ತಿರ ಬ್ರೇಕನ್ನು ತುಳಿಯಬೇಕು. ಒತ್ತುವುದಲ್ಲ, ತುಳಿಯುವುದು. ನಾನು ತುಳಿದೆ ಎಂದುಕೊಂಡೆ. ಪಾದದಡಿ ಪೆಡಲು ಟಕಟಕಟಕ ನಡುಗಿತು. ಏನೋ ಮುರಿಯಿತೆಂದು ಗಾಬರಿಯಾಗಿ ಕಾಲು ತೆಗೆದುಬಿಟ್ಟೆ. ‘ಅದೇ ಎಬಿಎಸ್. ದುಡ್ಡು ಕೊಟ್ಟು ತಗೊಂಡಿದೀರಿ, ಕೆಲಸ ಮಾಡೋಕೆ ಬಿಡಿ’ ಎಂದರು ಪಕ್ಕದಲ್ಲಿದ್ದವರು. ಚಕ್ರ ಕಚ್ಚಿಕೊಂಡು ಜಾರದ ಹಾಗೆ ಬ್ರೇಕನ್ನು ಸೆಕೆಂಡಿಗೆ ಹಲವು ಸಲ ಬಿಟ್ಟು ಹಿಡಿಯುವ ವ್ಯವಸ್ಥೆ ಅದು. ಆ ನಡುಕವೇ ಅದು ಕೆಲಸ ಮಾಡುತ್ತಿರುವ ಗುರುತು. ಏಳು ವರ್ಷದಿಂದ ನನ್ನ ಕಾರಿನಲ್ಲಿದ್ದ ಅದನ್ನು ನಾನು ಭೇಟಿಯಾದದ್ದು ಆವತ್ತೇ. ರಸ್ತೆಯಲ್ಲಿ ಎಮ್ಮೆ ಅಡ್ಡ ಬಂದಾಗ ಈ ಮೊದಲ ಭೇಟಿ ನಡೆದಿದ್ದರೆ, ಅಲ್ಲೂ ಕಾಲು ತೆಗೆಯುತ್ತಿದ್ದೆನಲ್ಲ!

ಲೆಕ್ಕ ಸರಳ. ಒಣ ಡಾಂಬರು, ಒಳ್ಳೆಯ ಟೈರು ಇದ್ದು ಪೂರ್ತಿ ಬ್ರೇಕು ಹಾಕಿದರೆ ನೂರರಿಂದ ನಿಲ್ಲಲು ಸುಮಾರು 40ರಿಂದ 45 ಮೀಟರು ಬೇಕು. ಐವತ್ತರಿಂದಾದರೆ ಅದರ ಅರ್ಧ ಅಲ್ಲ, ಕಾಲುಭಾಗ. ವೇಗ ಇಮ್ಮಡಿಯಾದರೆ ನಿಲ್ಲುವ ದೂರ ನಾಲ್ಮಡಿ. ಇದು ಬ್ರೇಕಿನ ಮೇಲೆ ಕಾಲು ಬಿದ್ದ ಮೇಲಿನ ಮಾತು. ಕಾಣುವುದಕ್ಕೂ ಕಾಲು ಎತ್ತಿಡುವುದಕ್ಕೂ ಒಂದು ಸೆಕೆಂಡು ಹಿಡಿದರೆ ಅಷ್ಟರಲ್ಲೇ ಕಾರು 28 ಮೀಟರು ಹೋಗಿರುತ್ತದೆ.

ಇಷ್ಟನ್ನೂ ಹೊರುವುದು ಟೈರು. ಪ್ರತಿ ಟೈರು ನೆಲ ಮುಟ್ಟುವ ಜಾಗ ಹೆಚ್ಚುಕಡಿಮೆ ಒಂದು ಅಂಗೈಯಗಲ. ಒಂದು ಟನ್ನಿನ ಕಾರು ನಾಲ್ಕು ಅಂಗೈಗಳ ಮೇಲೆ ನಿಂತಿದೆ. ಆ ಅಂಗೈಗಿರುವ ಹಿಡಿತ ನಮ್ಮ ತಿಂಗಳ ಸಂಬಳದಂತೆ, ಇರುವುದು ಇಷ್ಟೇ. ಅಷ್ಟನ್ನೂ ಬ್ರೇಕಿಗೆ ಖರ್ಚು ಮಾಡಿದರೆ ತಿರುವಿಗೆ ಉಳಿಯುವುದಿಲ್ಲ. ಪೂರ್ತಿ ಬ್ರೇಕು ಹಿಡಿದುಕೊಂಡೇ ಸ್ಟೇರಿಂಗ್ ಎಳೆದವನ ಕಾರು ಚಕ್ರ ತಿರುಗಿಸಿಕೊಂಡು ನೆಟ್ಟಗೆ ಮಣ್ಣಿಗೆ ಹೋಗುತ್ತದೆ. ಆದ್ದರಿಂದ ಹೊಸಬರಿಗೆ ಹೇಳುವುದು: ನೇರ ದಾರಿಯಲ್ಲೇ ಬ್ರೇಕು ಮುಗಿಸಿ, ಆಮೇಲೆ ತಿರುಗಿಸಿ, ಆಮೇಲೆ ಎಕ್ಸಲೇಟರು. ಪಳಗಿದವರು ಬ್ರೇಕನ್ನು ನಿಧಾನವಾಗಿ ಬಿಡುತ್ತ ಬಿಡುತ್ತ ತಿರುವಿನೊಳಗೆ ಹೋಗುತ್ತಾರೆ. ಒಂದು ಕೈಯಿಂದ ತೆಗೆದು ಇನ್ನೊಂದಕ್ಕೆ ಕೊಡುವ ಜಾಣ ಗೃಹಿಣಿಯ ಲೆಕ್ಕ ಅದು. ನನಗೆ ಕೂಡಿಬರಲಿಲ್ಲ.

ಇನ್ನೊಂದು ಪಾಠವನ್ನು ಬಿಎಂಟಿಸಿಯಲ್ಲಿ ನಿಂತು ಪ್ರಯಾಣ ಮಾಡಿದವರಿಗೆ ಹೇಳಿಕೊಡಬೇಕಿಲ್ಲ. ಡ್ರೈವರ್ ಬ್ರೇಕು ಹಾಕಿದರೆ ಜನವೆಲ್ಲ ಮುಂದಕ್ಕೆ ಬೀಳುತ್ತದೆ. ಕಾರಿನ ಭಾರವೂ ಹಾಗೆಯೇ ಮುಂದಿನ ಚಕ್ರಗಳಿಗೆ ಹೋಗಿ, ಹಿಂದಿನ ಚಕ್ರ ಹಗುರಾಗುತ್ತದೆ. ತಿರುವಿನ ನಡುವೆ ವೇಗ ಹೆಚ್ಚಾಯಿತೆಂದು ಹೆದರಿ ಎಕ್ಸಲೇಟರಿನಿಂದ ತಟ್ಟನೆ ಕಾಲು ತೆಗೆದರೂ ಇದೇ ಆಗುತ್ತದೆ. ಹಗುರಾದ ಹಿಂಭಾಗ ಹೊರಕ್ಕೆ ಜಾರಿ, ಕಾರು ಗಿರ್ರನೆ ಸುತ್ತಿ, ಬಂದ ದಾರಿಯನ್ನೇ ನೋಡುತ್ತ ನಿಲ್ಲುತ್ತದೆ. ಆವತ್ತು ಎರಡು ಕಾರು ಹಾಗೆ ನಿಂತವು. ಎರಡರ ಮಾಲೀಕರೂ ಹೇಳಿದ್ದು ಒಂದೇ ಮಾತು: ‘ನಾನು ಸ್ಲೋ ಮಾಡ್ತಾ ಇದ್ದೆ ಸಾರ್.’

ದಾರಿ ಹಿಡಿಯುವ ರೀತಿಯನ್ನು ಲೈನ್ ಎನ್ನುತ್ತಾರೆ. ತಿರುವಿನ ಹೊರ ಅಂಚಿನಿಂದ ಶುರುಮಾಡಿ, ಒಳ ಅಂಚನ್ನು ಸವರಿ, ಮತ್ತೆ ಹೊರ ಅಂಚಿಗೆ ಹೋಗುವುದು. ತಿರುವು ಆಗ ಆದಷ್ಟು ಅಗಲದ ಕಮಾನಾಗುತ್ತದೆ. ಒಳ ಅಂಚು ಸವರುವ ಜಾಗಕ್ಕೆ ಏಪೆಕ್ಸ್ ಎಂದು ಹೆಸರು. ಹೊಸಬರೆಲ್ಲ ಅದನ್ನು ಆತುರದಲ್ಲಿ ಮೊದಲೇ ಮುಟ್ಟಿಬಿಟ್ಟು, ಕೊನೆಯಲ್ಲಿ ದಾರಿ ಸಾಲದೆ ಒದ್ದಾಡುತ್ತಾರೆ. ಇದಕ್ಕೆ ಮದ್ದು ಕಣ್ಣಿನಲ್ಲಿದೆಯಂತೆ. ನೋಟ ಬಾನೆಟ್ಟಿನ ಮುಂದಿನ ಡಾಂಬರಿನ ಮೇಲಲ್ಲ, ಮುಂದಿನ ಗುರುತಿನ ಮೇಲಿರಬೇಕು. ಅದನ್ನು ತಲುಪುವ ಮೊದಲೇ ಕಣ್ಣು ಅದರಾಚೆಗಿನದಕ್ಕೆ ಹೋಗಿರಬೇಕು. ಗುಂಡಿ ಹುಡುಕುತ್ತ, ಹಂಪು ಹುಡುಕುತ್ತ ಇಪ್ಪತ್ತಡಿ ಮುಂದೆ ನೋಡುವುದನ್ನೇ ವರ್ಷಗಟ್ಟಲೆ ರೂಢಿ ಮಾಡಿಕೊಂಡ ಬೆಂಗಳೂರಿನ ಕಣ್ಣುಗಳಿಗೆ ಇದು ಎಲ್ಲಕ್ಕಿಂತ ಕಷ್ಟ. ‘ಮೇಲೆ ನೋಡಿ, ಮೇಲೆ ನೋಡಿ’ ಎಂದು ಅವರು ಒಂದು ಸುತ್ತಿನಲ್ಲಿ ಎಷ್ಟು ಸಲ ಹೇಳಿದರೋ.

ಟ್ರ್ಯಾಕಿನ ಶಿಸ್ತು ನಮ್ಮ ರಸ್ತೆಯಿಂದ ಹೋದವರಿಗೆ ಮೊದಲು ತಮಾಷೆಯಾಗಿ ಕಾಣುತ್ತದೆ. ಹೊಸಬರ ಸರದಿಯಲ್ಲಿ ಓವರ್‌ಟೇಕು ನೇರ ದಾರಿಯಲ್ಲಿ ಮಾತ್ರ, ಅದೂ ಮುಂದಿನವನು ಕೈಚಾಚಿ ‘ಈ ಕಡೆಯಿಂದ ಹೋಗು’ ಎಂದು ಸನ್ನೆ ಮಾಡಿದ ಮೇಲೆ. ಹಾರನ್ ಸದ್ದೇ ಇಲ್ಲ. ತಿರುವುಗಳ ಬಳಿ ಬಿಸಿಲಲ್ಲಿ ನಿಂತ ಮಾರ್ಷಲ್‌ಗಳ ಕೈಯಲ್ಲಿ ಬಾವುಟ: ಹಳದಿ ಬೀಸಿದರೆ ಮುಂದೆ ಅಪಾಯ, ನೀಲಿಯಾದರೆ ಹಿಂದೆ ವೇಗದವನು ಬಂದಿದ್ದಾನೆ, ದಾರಿ ಬಿಡು, ಕೆಂಪಾದರೆ ಎಲ್ಲರೂ ವೇಗ ಇಳಿಸಿ ಒಳಗೆ ಬನ್ನಿ. ಕಪ್ಪು ತೋರಿಸಿದರೆ ನಿಮ್ಮನ್ನೇ ಕರೆಯುತ್ತಿದ್ದಾರೆ, ಹೆಡ್‌ಮಾಸ್ಟರ ಕೋಣೆಗೆ ಕರೆದ ಹಾಗೆ.

ಕೊನೆಯ ಸುತ್ತನ್ನು ನಿಧಾನವಾಗಿ, ಬ್ರೇಕು ಮುಟ್ಟದ ಹಾಗೆ ಓಡಿಸಬೇಕು. ಕಾದ ಬ್ರೇಕು ತಣಿಯಲಿ ಎಂದು. ನಿಲ್ಲಿಸಿದ ಮೇಲೆ ಹ್ಯಾಂಡ್‌ಬ್ರೇಕು ಎಳೆಯಬಾರದು, ಗೇರಿನಲ್ಲಿಟ್ಟು ಚಕ್ರಕ್ಕೆ ಇಟ್ಟಿಗೆ ಕೊಡಬೇಕು. ಬ್ರೇಕ್ ಆಯಿಲ್ಲು ಗಾಳಿಯ ತೇವವನ್ನು ಹೀರುವ ಜಾತಿ. ಡಾಟ್ 4 ಎಂಬ ನಮೂನೆಯದು ಹೊಸದಿದ್ದಾಗ ಕನಿಷ್ಠ 230 ಡಿಗ್ರಿಯವರೆಗೆ ಕುದಿಯುವುದಿಲ್ಲ. ತೇವ ಹೀರಿ ಹಳೆಯದಾದರೆ ಆ ಮಿತಿ 155ರವರೆಗೂ ಇಳಿಯಬಹುದು. ಕುದಿದರೆ ಪೈಪಿನಲ್ಲಿ ಆವಿಯ ಗುಳ್ಳೆ ಏಳುತ್ತದೆ, ಪೆಡಲು ಬೆಣ್ಣೆಯಲ್ಲಿ ಕಾಲಿಟ್ಟ ಹಾಗೆ ಒಳಗಿಳಿಯುತ್ತದೆ. ಕಾರಿನ ಆಯಿಲ್ಲು ಕೊನೆಗೆ ಬದಲಾಯಿಸಿದ್ದು ಯಾವಾಗ ಎಂದು ಕೇಳಿದರೆ ನಮ್ಮಲ್ಲಿ ಮುಕ್ಕಾಲುಪಾಲು ಮಂದಿ ಎಂಜಿನ್ ಆಯಿಲ್ ತಾರೀಖು ಹೇಳಿದರು.

ಖರ್ಚಿನ ಮಾತನ್ನು ಮುಚ್ಚಿಡಬಾರದು. ಟ್ರ್ಯಾಕಿಗೆ ಕಟ್ಟುವ ಹಣಕ್ಕಿಂತ ಟೈರು, ಬ್ರೇಕ್ ಪ್ಯಾಡುಗಳು ತಿನ್ನುವುದೇ ಹೆಚ್ಚು. ವಿಮೆಯ ಆಸರೆಯೂ ಇಲ್ಲ. ನಮ್ಮ ಸಾಮಾನ್ಯ ಮೋಟರು ಪಾಲಿಸಿಗಳಲ್ಲಿ ಸಂಘಟಿತ ರೇಸು, ವೇಗ ಪರೀಕ್ಷೆಗಳನ್ನು ಹೊರಗಿಟ್ಟಿರುವ ಸಾಲು ಸಣ್ಣಕ್ಷರದಲ್ಲಿರುತ್ತದೆ. ಗೋಡೆಗೆ ಕಾರು ಮುಟ್ಟಿಸಿದರೆ ಜೇಬಿಗೇ ಮುಟ್ಟುತ್ತದೆ. ಇಷ್ಟಾದರೂ ರಾತ್ರಿ ಹನ್ನೆರಡಕ್ಕೆ ಏರ್‌ಪೋರ್ಟ್ ರಸ್ತೆಯಲ್ಲಿ ಸೈಲೆನ್ಸರ್ ಕಿತ್ತು ಹಾರುವವರಿಗಿಂತ ಇವರೇ ಮೇಲು ಎಂಬುದು ನನ್ನ ಪಕ್ಷಪಾತ. ಮೋಟರು ವಾಹನ ಕಾಯ್ದೆಯ 189ನೇ ಕಲಮಿನಲ್ಲಿ ಸಾರ್ವಜನಿಕ ರಸ್ತೆಯ ರೇಸಿಗೆ ಮೊದಲ ಸಲ ಮೂರು ತಿಂಗಳವರೆಗೆ ಸೆರೆ ಅಥವಾ 5000 ರೂಪಾಯಿವರೆಗೆ ದಂಡ, ಇಲ್ಲವೇ ಎರಡೂ. ಆದರೆ ಹಾಗೆ ಹಾರುವವರನ್ನು ಇಲ್ಲಿಗೆ ಕರೆತಂದು ಒಮ್ಮೆ ಪೂರ್ತಿ ಬ್ರೇಕು ತುಳಿಸಿದರೆ, ತಮಗೆಷ್ಟು ಗೊತ್ತಿಲ್ಲ ಎಂಬುದು ಅರ್ಧ ಗಂಟೆಯಲ್ಲಿ ಗೊತ್ತಾಗುತ್ತದೆ. ನನಗೆ ಹತ್ತು ನಿಮಿಷ ಸಾಕಾಯಿತು.

ಸಂಜೆ ಸ್ಟೆಪ್ನಿ, ಕೊಡೆ, ಒಂಟಿ ಚಪ್ಪಲಿ ಎಲ್ಲ ಮರಳಿ ಡಿಕ್ಕಿ ಸೇರಿದವು. ಗಣಪನಿಗೆ ಹೊಸ ಟೇಪು. ಕಾದಾಗ ಉಬ್ಬುವ ಟೈರುಗಳಿಂದ ಹಗಲೆಲ್ಲ ಗಾಳಿ ಬಿಡುತ್ತ ಬಂದಿದ್ದೆವು. ತಣ್ಣಗಾದ ಮೇಲೆ ಅದನ್ನೆಲ್ಲ ತುಂಬಿಸಿಯೇ ಹೆದ್ದಾರಿ ಹಿಡಿಯಬೇಕು. ಆ ನೆನಪಿನಲ್ಲೇ ಸೋಮವಾರ ಬೆಳಗ್ಗೆ ಇನ್ನೊಮ್ಮೆ ನೋಡಿಸೋಣವೆಂದು ನಮ್ಮ ಬಡಾವಣೆಯ ಪಂಕ್ಚರ್ ಅಂಗಡಿಗೆ ಹೋದೆ. ಹುಡುಗ ಗಾಳಿ ಹಿಡಿಯುತ್ತ ಮುಂದಿನ ಟೈರಿನ ಅಂಚಿನ ಮೇಲೆ ಕೈಯಾಡಿಸಿದ. ಅಲ್ಲಿ ರಬ್ಬರು ಸುಟ್ಟ ಹಪ್ಪಳದಂತೆ ಸುರುಳಿ ಸುರುಳಿಯಾಗಿ ಎದ್ದಿತ್ತು.

‘ಯಾವ ಘಾಟಿಗೆ ಹೋಗಿದ್ರಿ ಸಾರ್?’

‘ಘಾಟಿಗೆಲ್ಲ ಇಲ್ಲಪ್ಪ. ಮದ್ರಾಸ್ ರೋಡು.’

ಅವನು ಟೈರನ್ನೂ ನನ್ನನ್ನೂ ಒಂದು ಸಲ ನೋಡಿದ. ‘ಮದ್ರಾಸ್ ರೋಡು ನೆಟ್ಟಗೇ ಇದೆಯಲ್ಲ ಸಾರ್.’