ಜತೆಯಲ್ಲಿ ಕುಳಿತುಕೊಳ್ಳುವ ಮದ್ದು

ಈ ಅಂಕಣದಲ್ಲಿ ನಾವು ಸಾಮಾನ್ಯವಾಗಿ ಕೊಳೆರೋಗ, ಗೊಬ್ಬರ, ರಕ್ತದೊತ್ತಡ ಮುಂತಾದವುಗಳ ಬಗ್ಗೆ ಬರೆಯುತ್ತೇವೆ. ಈ ಬಾರಿ ಎಲೆಯ ಮೇಲಾಗಲಿ ಮೈಮೇಲಾಗಲಿ ಕಾಣಿಸದ ಒಂದು ನೋವಿನ ಬಗ್ಗೆ ನಾಲ್ಕು ಮಾತು.

ಕಾಸರಗೋಡಿನ ಗಡಿಭಾಗದ ಒಂದು ಅಡಿಕೆ ತೋಟದ ಮನೆ. ಮಳೆಗಾಲದ ಆರಂಭದಲ್ಲಿ ಮನೆಯೊಡತಿ ತೀರಿಕೊಂಡರು. ಅಂದು ಅಂಗಳ ತುಂಬ ಜನ. ಏಳನೆಯ ದಿನಕ್ಕೂ ಬಂದರು. ಆಮೇಲೆ ಮಳೆ ಜೋರಾಯಿತು, ಅವರವರಿಗೆ ಅವರವರ ಕೆಲಸ. ತಿಂಗಳು ಕಳೆದು ನಾವು ಹೋದಾಗ ತೋಟಕ್ಕೆ ಬೋರ್ಡೋ ಮದ್ದು ಬಿಟ್ಟಿರಲಿಲ್ಲ. ಎಳೆ ಅಡಿಕೆ ಮರಗಳ ಬುಡದಲ್ಲಿ ಉದುರಿ ಬಿದ್ದಿತ್ತು. ಒಲೆ ತಣ್ಣಗಿತ್ತು. "ಧೈರ್ಯ ತಂದುಕೊಳ್ಳಿ, ಕಾಲ ಎಲ್ಲವನ್ನೂ ಮರೆಸುತ್ತದೆ" ಎಂದೆವು. ಅವರು ನಮ್ಮ ಮುಖ ನೋಡಿ, "ಮರೆಯುವುದು ಯಾರಿಗೆ ಬೇಕು?" ಎಂದರು. ನಮ್ಮಲ್ಲಿ ಉತ್ತರವಿರಲಿಲ್ಲ.

ಅವರನ್ನು ಎತ್ತಿದ್ದು ನಮ್ಮ ಉಪದೇಶವಲ್ಲ, ನೆರೆಮನೆಯ ಹಿರಿಯರೊಬ್ಬರು. ದಿನಾ ಸಂಜೆ ತಮ್ಮ ಮೆಟ್ಟುಕತ್ತಿ ಹಿಡಿದುಕೊಂಡು ಬಂದು, ಜಗಲಿಯಲ್ಲಿ ಕುಳಿತು, ಆ ಮನೆಯಲ್ಲಿ ಉಳಿದಿದ್ದ ಒಣ ಅಡಿಕೆ ಸುಲಿಯತೊಡಗಿದರು. ಮೊದಲ ಕೆಲವು ದಿನ ಮಾತೇ ಇಲ್ಲ. ಒಂದು ಸಂಜೆ ಮನೆಯವರೂ ಕತ್ತಿ ಎಳೆದುಕೊಂಡು ಪಕ್ಕದಲ್ಲಿ ಕುಳಿತರು. ಸುಲಿಯುತ್ತ ಸುಲಿಯುತ್ತ ಹೆಂಡತಿಯ ಮಾತು ಬಂತು, ಅಳುವೂ ಬಂತು. ಹಿರಿಯರು "ಅಳಬೇಡ" ಎನ್ನಲಿಲ್ಲ, ಎದ್ದು ಹೋಗಲೂ ಇಲ್ಲ. ಮರುವಾರ ಇಬ್ಬರೂ ಸೇರಿ ಮದ್ದು ಬಿಡುವವರನ್ನು ಕರೆದುತಂದರು.

ಇದು ಬರಿಯ ಒಳ್ಳೆಯತನದ ಮಾತಲ್ಲ, ಪರೀಕ್ಷಿಸಿ ನೋಡಿದ ವಿಷಯ. ಆಫ್ರಿಕದ ಜಿಂಬಾಬ್ವೆಯಲ್ಲಿ ಮನೋವೈದ್ಯರ ಸಂಖ್ಯೆ ಬಹಳ ಕಡಿಮೆ. 2006ರಲ್ಲಿ ಡಾ. ಡಿಕ್ಸನ್ ಚಿಬಾಂಡಾ ಎಂಬ ಮನೋವೈದ್ಯರು ಹರಾರೆ ನಗರದಲ್ಲಿ 14 ಮಂದಿ ಅಜ್ಜಿಯರಿಗೆ ತರಬೇತಿ ಕೊಟ್ಟು, ಆರೋಗ್ಯ ಕೇಂದ್ರದ ಹೊರಗೆ ಮರದ ಬೆಂಚಿನ ಮೇಲೆ ಕೂರಿಸಿದರು. ಮನಸ್ಸು ಕುಗ್ಗಿದವರು ಬಂದು ಪಕ್ಕದಲ್ಲಿ ಕುಳಿತು ಹೇಳಿಕೊಳ್ಳುವುದು, ಅಜ್ಜಿ ಕೇಳುವುದು, ಬಳಿಕ ಇರುವ ಕಷ್ಟಗಳಲ್ಲಿ ಒಂದನ್ನು ಆರಿಸಿ ಮುಂದಿನ ಚಿಕ್ಕ ಹೆಜ್ಜೆ ಯಾವುದೆಂದು ಇಬ್ಬರೂ ಸೇರಿ ಯೋಚಿಸುವುದು. 2016ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ 573 ಮಂದಿ ಇದ್ದರು. ಆರು ತಿಂಗಳ ನಂತರ, ಸಾಮಾನ್ಯ ಚಿಕಿತ್ಸೆ ಪಡೆದವರಲ್ಲಿ ನೂರಕ್ಕೆ ಸುಮಾರು 50 ಮಂದಿಗೆ ಖಿನ್ನತೆಯ ಲಕ್ಷಣ ಉಳಿದಿತ್ತು. ಬೆಂಚಿಗೆ ಬಂದವರಲ್ಲಿ ಸುಮಾರು 14 ಮಂದಿಗೆ ಮಾತ್ರ. ಅಲ್ಲಿಯ ಶೋನಾ ಭಾಷೆಯಲ್ಲಿ ಈ ಕಾಯಿಲೆಗೆ 'ಅತಿಯಾಗಿ ಯೋಚಿಸುವುದು' ಎಂದೇ ಹೆಸರು. ಚಿತೆಗೂ ಚಿಂತೆಗೂ ಒಂದೇ ಸೊನ್ನೆಯ ಅಂತರ ಎಂದು ನಮ್ಮ ಹಿರಿಯರು ಹೇಳಿದ್ದು ಇದನ್ನೇ ಅಲ್ಲವೇ?

ಅವರಿಗೆ ಬೆಂಚು, ನಮಗೆ ಜಗಲಿ. ಗಡಿನಾಡಿನ ನಮಗೆ ಜಗಲಿಯ ಅಗತ್ಯ ಇನ್ನೂ ಹೆಚ್ಚು. ಕಚೇರಿ, ಆಸ್ಪತ್ರೆಗಳಲ್ಲಿ ಮಲಯಾಳ ನಡೆಯುತ್ತದೆ. ಆದರೆ ದುಃಖ ಬಾಯಿಬಿಡುವುದು ಮನೆಮಾತಿನಲ್ಲಿ. ಆ ಮಾತು ಬಲ್ಲ ನೆರೆಯವರೇ ಮೊದಲ ವೈದ್ಯರು.

ಹಾಗಾದರೆ ನಾವೇನು ಮಾಡಬಹುದು?

1. ಜನ ಚದುರಿದ ಮೇಲೆ ಹೋಗಿ. ಮೂರನೆಯ ದಿನಕ್ಕಿಂತ ಮೂವತ್ತನೆಯ ದಿನ ನಿಮ್ಮ ಅಗತ್ಯ ಹೆಚ್ಚು.

2. "ಏನಾದರೂ ಬೇಕಾದರೆ ಹೇಳಿ" ಎನ್ನಬೇಡಿ, ನೊಂದವರು ಕೇಳುವುದಿಲ್ಲ. ಗಂಜಿ ಒಯ್ಯಿರಿ, ಹಟ್ಟಿಗೆ ಹುಲ್ಲು ಹಾಕಿ, ತೋಟಕ್ಕೆ ಒಂದು ಸುತ್ತು ಬನ್ನಿ.

3. ತೀರಿಕೊಂಡವರ ಹೆಸರು ಹೇಳಲು ಹೆದರಬೇಡಿ. ಮಾತು ಕಡಿಮೆಯಿರಲಿ. ಯೋಬನ ಗೆಳೆಯರು ಏಳು ದಿನ ಮೌನವಾಗಿ ಅವನೊಡನೆ ನೆಲದಲ್ಲಿ ಕುಳಿತರು; ಕೆಲಸ ಕೆಟ್ಟದ್ದು ಅವರು ಬಾಯಿ ತೆರೆದ ಮೇಲೆಯೇ.

4. ನಿದ್ರೆ, ಊಟ ಬಿಟ್ಟು ವಾರಗಟ್ಟಲೆ ಹಾಸಿಗೆ ಹಿಡಿದರೆ, 'ಬದುಕಿ ಏನು ಪ್ರಯೋಜನ' ಎಂಬ ಮಾತು ಬಂದರೆ, ಸಾಯುವ ಯೋಚನೆ ಇದೆಯೇ ಎಂದು ನೇರವಾಗಿ, ಮೃದುವಾಗಿ ಕೇಳಿ. ಕೇಳಿದ್ದರಿಂದ ಆ ಯೋಚನೆ ಹುಟ್ಟುವುದಿಲ್ಲ. ಹೇಳಿಕೊಂಡ ಹಗುರ ಸಿಗುತ್ತದೆ. 'ಇದೆ' ಎಂದರೆ ಅವರನ್ನು ಒಂಟಿಯಾಗಿ ಬಿಡಬೇಡಿ. ಕೀಟನಾಶಕ, ಕಳೆನಾಶಕದ ಡಬ್ಬಿಗಳನ್ನು ಆ ಮನೆಯಿಂದ ತೆಗೆದು ನಿಮ್ಮಲ್ಲಿ ಬೀಗ ಹಾಕಿಡಿ. ವೈದ್ಯರಲ್ಲಿಗೆ ನೀವೇ ಜತೆಯಲ್ಲಿ ಹೋಗಿ. 2022ರಲ್ಲಿ ಆರಂಭವಾದ ಸರಕಾರದ 'ಟೆಲಿ ಮಾನಸ್' ಸೇವೆಯ ದೂರವಾಣಿ 14416; ಹಗಲೂ ರಾತ್ರಿಯೂ ಉಚಿತ.

ನೊಂದವರಿಗೂ ಒಂದು ಮಾತು. ಯಾರಾದರೂ ಜಗಲಿಗೆ ಬಂದರೆ ಬಾಗಿಲು ತೆರೆಯಿರಿ. ಮಾತನಾಡಲೇಬೇಕೆಂದಿಲ್ಲ, ಕುಳಿತರೆ ಸಾಕು. ನೋವು ಹೇಳಿಕೊಳ್ಳುವುದು ನಾಚಿಕೆಯಲ್ಲ.

ಈಗಲೂ ಆ ಮನೆಯ ದಾರಿಯಲ್ಲಿ ಸಂಜೆ ಹೋದರೆ ಎರಡು ಮೆಟ್ಟುಕತ್ತಿಗಳ ಸದ್ದು ಕೇಳಿಸುತ್ತದೆ. ನಾವೂ ಕೆಲವೊಮ್ಮೆ ಹೋಗಿ ಕುಳಿತುಕೊಳ್ಳುತ್ತೇವೆ. ಉಪದೇಶ ಮಾಡುವುದಿಲ್ಲ, ಅಡಿಕೆ ಸುಲಿಯಲು ಕಲಿಯುತ್ತಿದ್ದೇವೆ.