ಅಕ್ಷರದ ಅಂದ ಮತ್ತು ನಮ್ಮ ಅಭಿರುಚಿ



ನಮ್ಮ ಶಾಲೆಯ ಭಿತ್ತಿಪತ್ರಿಕೆಯನ್ನು ನೀವೆಲ್ಲರೂ ನಿತ್ಯ ನೋಡುತ್ತೀರಿ. ಅದರ ವಿಷಯದಲ್ಲಿ ನಾನು ಮಾಡಿದ ಒಂದು ತಪ್ಪನ್ನು ಒಪ್ಪಿಕೊಂಡು ಈ ಲೇಖನವನ್ನು ಆರಂಭಿಸುತ್ತೇನೆ.

ನಾನು ಊರನ್ನು ಬಿಟ್ಟು ಮುಂಬಯಿಗೆ ಬಂದ ಮೊದಲ ವರ್ಷದ ಮಾತು. ಎಂಟನೆಯ ಇಯತ್ತೆಯ ಇಬ್ಬರು ಹುಡುಗರು ರಾಜ್ಯೋತ್ಸವಕ್ಕೆಂದು ಒಂದೊಂದು ಹಾಳೆಯನ್ನು ಸಿದ್ಧಪಡಿಸಿ ತಂದರು. ಒಬ್ಬನ ಹಾಳೆಯಲ್ಲಿ ನಾಲ್ಕು ಬಣ್ಣ, ಸುತ್ತಲೂ ಬಳ್ಳಿಯ ಅಂಚು, ಮೂಲೆಗೊಂದು ಹೂವು, ಅಕ್ಷರಗಳಿಗೆಲ್ಲ ನೆರಳು. ಇನ್ನೊಬ್ಬನು ಬಿಳಿಯ ಹಾಳೆಯ ಮೇಲೆ ಕಪ್ಪು ಮಸಿಯಿಂದ ತಲೆಬರಹವನ್ನು ಬರೆದು, ಅದರ ಕೆಳಗೆ ಧಾರಾಳವಾಗಿ ಸ್ಥಳ ಬಿಟ್ಟು, ಎರಡು ಅಂಕಣಗಳಲ್ಲಿ ಲೇಖನವನ್ನು ಇಳಿಸಿದ್ದನು. ಕೆಂಪು ಬಣ್ಣ ಒಂದೇ ಒಂದು ಕಡೆ ಇದ್ದಿತು. “ಇಷ್ಟು ಜಾಗ ಖಾಲಿ ಏಕೋ? ಬಣ್ಣ ಮುಗಿದುಹೋಯಿತೇ?” ಎಂದು ನಾನು ನಗುತ್ತ ಕೇಳಿದೆನು, ತರಗತಿಯೂ ನಕ್ಕಿತು. ಬಹುಮಾನ ಮೊದಲನೆಯವನಿಗೆ ಹೋಯಿತು. ಎರಡು ಹಾಳೆಗಳೂ ಹದಿನೈದು ದಿನ ಗೋಡೆಯ ಮೇಲಿದ್ದವು. ಹೋಗಿಬರುವ ಮಕ್ಕಳು ಮೊದಲನೆಯದನ್ನು ಕಂಡು ಮುಂದೆ ಸಾಗುತ್ತಿದ್ದರು. ಎರಡನೆಯದರ ಮುಂದೆ ನಿಂತು ಓದುತ್ತಿದ್ದರು. ಇದು ನನ್ನ ಗಮನಕ್ಕೆ ಬರುವ ಹೊತ್ತಿಗೆ ತಡವಾಗಿತ್ತು. ಆ ಹುಡುಗನು ಮತ್ತೆ ಭಿತ್ತಿಪತ್ರಿಕೆಗೆ ಕೈಹಾಕಲಿಲ್ಲ.

ನನ್ನ ತೀರ್ಪು ಎಲ್ಲಿಂದ ಬಂದಿತು? ಚಿಕ್ಕಂದಿನಲ್ಲಿ ನಾನು ಕಂಡ ಲಗ್ನಪತ್ರಿಕೆ, ದೇವರ ಕ್ಯಾಲೆಂಡರು, ಜಾತ್ರೆಯ ತೇರು ಇವೆಲ್ಲವೂ ತುಂಬಿ ತುಳುಕುತ್ತಿದ್ದವು. ತುಂಬಿರುವುದೇ ಚೆಂದವೆಂದು ಕಣ್ಣು ಕೇಳದೆಯೇ ಕಲಿತುಬಿಟ್ಟಿತ್ತು. ತೇರಿಗೆ ಆ ತುಂಬು ಒಪ್ಪುತ್ತದೆ, ದೂರದಿಂದ ನೋಡಿ ಕೈಮುಗಿಯುವ ವಸ್ತು ಅದು. ಓದಬೇಕಾದ ಹಾಳೆಯ ಕೆಲಸ ಬೇರೆ. ಇದನ್ನು ನನಗೆ ತಿಳಿಯಪಡಿಸಿದವು ಗ್ರಂಥಾಲಯದ ಒಂದು ಪುಸ್ತಕದಲ್ಲಿ ಕಂಡ ಕೆ. ಕೆ. ಹೆಬ್ಬಾರರ ರೇಖಾಚಿತ್ರಗಳು. ೧೯೧೧ರಲ್ಲಿ ಉಡುಪಿಯ ಬಳಿಯ ಕಟ್ಟಿಂಗೇರಿಯಲ್ಲಿ ಹುಟ್ಟಿದ ಹೆಬ್ಬಾರರು ಮುಂಬಯಿಯ ಜೆ. ಜೆ. ಕಲಾಶಾಲೆಯಲ್ಲಿ ಕಲಿತು, ಅಲ್ಲಿಯೇ ಕಲಿಸಿ, ೧೯೯೬ರಲ್ಲಿ ತೀರಿಕೊಳ್ಳುವವರೆಗೆ ಈ ನಗರದವರಾಗಿಯೇ ಇದ್ದರು. ನರ್ತಕಿಯೊಬ್ಬಳನ್ನು ಅವರು ಕೆಲವೇ ಗೆರೆಗಳಲ್ಲಿ ನಿಲ್ಲಿಸುತ್ತಾರೆ. ಉಳಿದ ಹಾಳೆಯೆಲ್ಲ ಬಯಲು. ಆ ಬಯಲಿದ್ದುದರಿಂದಲೇ ಅವಳು ಕುಣಿಯುವಳು! ನಾನು ಪುಸ್ತಕವನ್ನು ಮುಚ್ಚಿ ಆ ಹುಡುಗನ ಹಾಳೆಯನ್ನು ನೆನೆದೆನು.

ಮುಂಬಯಿಯ ಕನ್ನಡ ಮಕ್ಕಳಾದ ನಿಮಗೆ ಇನ್ನೊಂದು ಸಂಗತಿಯೂ ಇದೆ. ಬೀದಿಯಲ್ಲಿ ನೀವು ಕಾಣುವುದು ದೇವನಾಗರಿ ಮತ್ತು ಇಂಗ್ಲಿಷ್ ಅಕ್ಷರಗಳನ್ನು. ಶಾಲೆ, ಸಂಘಗಳ ಫಲಕಗಳನ್ನು ಬಿಟ್ಟರೆ ಕನ್ನಡ ಅಕ್ಷರ ಹೊರಗೆ ಕಾಣಸಿಗುವುದು ವಿರಳ. “ಕನ್ನಡ ಅಕ್ಷರ ಬೋರ್ಡಿಗೆ ಚೆಂದ ಕಾಣುವುದಿಲ್ಲ ಸರ್” ಎಂದು ಒಬ್ಬ ಹುಡುಗಿ ಹೇಳಿದಾಗ ನನಗೆ ನೋವಾಯಿತು. ಆದರೆ ಅವಳನ್ನು ಗದರಿಸಲಿಲ್ಲ. ಒಮ್ಮೆ ನಕ್ಕು ಕೆಟ್ಟಿದ್ದೆನಲ್ಲ. ಅವಳು ಬರೆದ ಫಲಕವನ್ನೇ ನೋಡಿದೆವು. ದೇವನಾಗರಿಯ ಅಕ್ಷರಗಳು ಒಂದೇ ಶಿರೋರೇಖೆಯಿಂದ ತೂಗುತ್ತವೆ. ಸಂಯುಕ್ತಾಕ್ಷರಗಳು ಬಹುಮಟ್ಟಿಗೆ ಪಕ್ಕಪಕ್ಕದಲ್ಲಿಯೇ ಕೂಡಿಕೊಳ್ಳುತ್ತವೆ. ಕನ್ನಡದಲ್ಲಿ ಕ, ತ, ನ, ಸಗಳಿಗೆ ತಮ್ಮ ತಮ್ಮ ತಲೆಕಟ್ಟು. ಬ, ಲ, ಜ, ಣಗಳಿಗೆ ಅದೂ ಇಲ್ಲ. ಮೇಲೆ ಗುಡಿಸು ಏರುತ್ತದೆ, ಕೆಳಗೆ ಒತ್ತಕ್ಷರ ಇಳಿಯುತ್ತದೆ. ‘ರಾಷ್ಟ್ರ’, ‘ಸ್ವಾತಂತ್ರ್ಯ’ ಎಂಬ ಪದಗಳನ್ನು ಬರೆದು ನೋಡಿರಿ. ನಮ್ಮ ಹುಡುಗಿ ತಲೆಕಟ್ಟುಗಳನ್ನೆಲ್ಲ ಒಂದೇ ಗೆರೆಗೆ ಜೋಡಿಸಿ, ಮರಾಠಿ ಫಲಕದಲ್ಲಿ ಕಂಡಷ್ಟೇ ಅಂತರವನ್ನು ಸಾಲುಗಳ ನಡುವೆ ಬಿಟ್ಟಿದ್ದಳು. ಮೇಲಿನ ಸಾಲಿನ ಒತ್ತಕ್ಷರ ಕೆಳಗಿನ ಸಾಲಿನ ಗುಡಿಸಿಗೆ ತಾಗುತ್ತಿತ್ತು. ತಲೆಕಟ್ಟುಗಳನ್ನು ಬಿಡಿಸಿ, ಸಾಲಿನ ಅಂತರವನ್ನು ಒಂದೂವರೆಪಟ್ಟು ಮಾಡಿ, ಅದೇ ಮಸಿಯಿಂದ ಪುನಃ ಬರೆದಳು. ಬರೆದ ಮೇಲೆ ಬಹಳ ಹೊತ್ತು ಅದನ್ನು ನೋಡುತ್ತ ನಿಂತಿದ್ದಳು.

ಅಭಿರುಚಿಯನ್ನು ಬೆಳೆಸಿಕೊಳ್ಳಲು ನಾನು ಬಲ್ಲ ಉಪಾಯ ತೀರ ಸಾಮಾನ್ಯವಾದುದು. ಒಂದು ಹಳೆಯ ನೋಟುಬುಕ್ಕನ್ನು ತೆಗೆದುಕೊಳ್ಳಿರಿ. ಬಿಸ್ಕತ್ತಿನ ಹೊದಿಕೆ, ಬೆಂಕಿಪೆಟ್ಟಿಗೆಯ ಚೀಟಿ, ಬಸ್ಸಿನ ಟಿಕೇಟು, ನಾಟಕದ ಕರಪತ್ರ, ಏನು ಸಿಕ್ಕಿದರೂ ಮೆಚ್ಚಿಕೆಯಾದುದನ್ನು ಅಂಟಿಸಿ, ಪಕ್ಕದಲ್ಲಿ ಕಾರಣವನ್ನು ಬರೆಯಿರಿ. ‘ಚೆನ್ನಾಗಿದೆ’ ಎಂಬುದು ಕಾರಣವಲ್ಲ. ಕಣ್ಣು ಮೊದಲು ಎಲ್ಲಿಗೆ ಹೋಯಿತು, ಯಾವ ಅಕ್ಷರ ದಪ್ಪ, ಎಲ್ಲಿ ಬಿಡುವು, ಯಾವುದನ್ನು ತೆಗೆದರೆ ಏನೂ ಕೆಡದು, ಇಂಥ ಮಾತು ಬೇಕು. ಮೆಚ್ಚದಿರುವುದನ್ನೂ ಅಂಟಿಸಿರಿ. ಕೆಲವನ್ನು ಕೈಯಾರೆ ನಕಲು ಮಾಡಿರಿ. ಕಣ್ಣು ಬಿಟ್ಟುಬಿಟ್ಟದ್ದನ್ನು ಬೆರಳು ಹಿಡಿಯುತ್ತದೆ. ಆರು ತಿಂಗಳ ಬಳಿಕ ಮೊದಲ ಪುಟಗಳನ್ನು ತೆರೆದರೆ ಕೆಲವು ಆಯ್ಕೆಗಳಿಗೆ ನಿಮಗೇ ನಗು ಬಂದೀತು. ಹರಿದುಹಾಕಬೇಡಿರಿ. ನನ್ನ ನೋಟುಬುಕ್ಕಿನಲ್ಲಿಯೂ ಅಂಥ ಪುಟಗಳು ಬೇಕಾದಷ್ಟಿವೆ.

ಕಳೆದ ತಿಂಗಳು ಗಣಕಯಂತ್ರದ ಕೋಣೆಯಲ್ಲಿ ‘ತುಂಗಾ’ ಎಂಬ ಕನ್ನಡ ಅಕ್ಷರಗಳನ್ನು ನೋಡುತ್ತಿದ್ದೆವು. ವಿಂಡೋಸ್‌ನೊಂದಿಗೆ ಊರೂರಿನ ಗಣಕಗಳಿಗೆ ಹೋದ ಈ ಅಕ್ಷರಗಳು ರೂಪುಗೊಂಡುದು ಮುಂಬಯಿಯ ರಘುನಾಥ ಕೃಷ್ಣ ಜೋಶಿಯವರ ನಿರ್ದೇಶನದಲ್ಲಿ. ೧೯೩೬ರಿಂದ ೨೦೦೮ರವರೆಗೆ ಬಾಳಿದ ಜೋಶಿಯವರು ಮರಾಠಿ ಕವಿಗಳು, ಪವಾಯಿಯ ಐ.ಐ.ಟಿ.ಯಲ್ಲಿ ವಿನ್ಯಾಸವನ್ನು ಬೋಧಿಸಿದವರು. ಕನ್ನಡದ ಅಕ್ಷರಕ್ಕೆ ನಮ್ಮ ನೆರೆಯವರೊಬ್ಬರು ಇಷ್ಟು ಶ್ರಮಪಟ್ಟರೆಂಬುದು ಸಂತೋಷದ ಸಂಗತಿಯಲ್ಲವೇ? ಆದರೂ ನನ್ನ ಕಣ್ಣಿಗೆ ಆ ಗೆರೆ ಸ್ವಲ್ಪ ತೆಳುವಾಯಿತೆಂದು ಹೇಳಿದೆನು. “ತೆಳುವಾಗಿರುವುದರಿಂದಲೇ ಸಣ್ಣ ಅಳತೆಯಲ್ಲಿಯೂ ಒತ್ತಕ್ಷರ ಮೆತ್ತಿಕೊಳ್ಳುವುದಿಲ್ಲ ಸರ್” ಎಂದಳು ಅದೇ ಹುಡುಗಿ. ಮರುದಿನ ಒಬ್ಬನೇ ಹೋಗಿ ಮತ್ತೆ ನೋಡಿದೆನು. ಅವಳ ಮಾತಿನಲ್ಲಿ ಹುರುಳಿದೆ. ಆದರೆ ತಲೆಬರಹಕ್ಕೆ ನಾನು ಅದನ್ನು ಆರಿಸಲಾರೆ. ಅವಳು ಆರಿಸುವಳಂತೆ.