ಸೂರಿಗೆ ಅಂಟಿಸುವ ಕರಿ ಬಟ್ಟೆ

ನಿಮ್ಮದು ಮೋಲ್ಡ್ ಹಾಕಿದ ಮನೆಯಾ? ಹಾಗಾದರೆ ಒಮ್ಮೆ ತಲೆ ಎತ್ತಿ ಸೂರು ನೋಡಿ. ಬಿರುಕು ಇದೆಯಾ? ಕಂದು ಕಲೆ ಇದೆಯಾ? ಗಾರೆ ಉದುರಿ ಕಂಬಿ ಕಾಣುತ್ತಾ?

ಸಿಮೆಂಟು, ಮರಳು, ಜಲ್ಲಿ, ನೀರು ಸೇರಿದರೆ ಕಾಂಕ್ರೀಟು. ಕಟ್ಟಡದ ಕೆಲಸಕ್ಕೆ ಹೋಗುವ ಅಕ್ಕಂದಿರಿಗೆ ಇದು ಗೊತ್ತೇ ಇದೆ. ಬಾಂಡ್ಲಿ ಹೊತ್ತವರು ಅವರೇ ತಾನೆ! ಕಾಂಕ್ರೀಟನ್ನು ಒತ್ತಿದರೆ ತಡೆಯುತ್ತದೆ. ಎಳೆದರೆ ಬಿರಿಯುತ್ತದೆ. ಮೇಲೆ ಭಾರ ಬಿದ್ದಾಗ ಸೂರು ತುಸು ಬಾಗುತ್ತದೆ. ಆಗ ಅದರ ಕೆಳಮೈಗೆ ಎಳೆತ ಬೀಳುತ್ತದೆ. ಅದಕ್ಕೇ ಅಲ್ಲಿ ಕಬ್ಬಿಣದ ಕಂಬಿ ಕಟ್ಟುತ್ತಾರೆ. ನೀರು ಇಳಿದರೆ ಕಂಬಿಗೆ ತುಕ್ಕು ಹಿಡಿಯುತ್ತದೆ. ತುಕ್ಕು ಉಬ್ಬಿ ಕಾಂಕ್ರೀಟನ್ನು ತಳ್ಳುತ್ತದೆ. ಚೂರು ಉದುರುತ್ತದೆ. ಕಂಬಿ ಸವೆದ ಹಾಗೆ ಸೂರಿನ ಬಲ ಇಳಿಯುತ್ತದೆ.

ಹಾಗಂತ ಎಲ್ಲ ಸೂರನ್ನೂ ಒಡೆಯಬೇಕಿಲ್ಲ. ಕಾರ್ಬನ್ ಹಾಳೆ ಅಂತ ಒಂದಿದೆ. ಕಾರ್ಬನ್ ಅಂದರೆ ಇಂಗಾಲ. ಅದರಿಂದ ಕೂದಲಿಗಿಂತ ಸಣ್ಣ ಎಳೆ ತೆಗೆದು ಹಾಳೆ ಮಾಡುತ್ತಾರೆ. ನೋಡಲು ಕರಿ ಬಟ್ಟೆ. ಒಂದು ಚದರ ಮೀಟರ್ ಹಾಳೆ ಸಾಮಾನ್ಯವಾಗಿ 200ರಿಂದ 300 ಗ್ರಾಂ ತೂಗುತ್ತದೆ, ಅಷ್ಟೆ. ಆದರೆ ಎಳೆತ ತಡೆಯುವುದರಲ್ಲಿ ಈ ಎಳೆ ಕಬ್ಬಿಣಕ್ಕಿಂತ ಹಲವು ಪಟ್ಟು ಗಟ್ಟಿ. ತುಕ್ಕೂ ಹಿಡಿಯದು. ಜಪಾನಿನ ಕೋಬೆಯಲ್ಲಿ 1995ರಲ್ಲಿ ದೊಡ್ಡ ಭೂಕಂಪ ಆಯಿತು. ಆಮೇಲೆ ಅಲ್ಲಿ ಸೇತುವೆಯ ಕಂಬಗಳಿಗೆ ಇದನ್ನು ಸುತ್ತುವುದು ಹೆಚ್ಚಾಯಿತು. ಈಗ ನಮ್ಮ ದೇಶದಲ್ಲೂ ಬಳಸುತ್ತಾರೆ.

ಅಂಟಿಸುವ ಮೊದಲಿನ ಕೆಲಸವೇ ದೊಡ್ಡದು. ಸಡಿಲ ಕಾಂಕ್ರೀಟನ್ನು ಕೆತ್ತಿ ತೆಗೆಯಬೇಕು. ಕಂಬಿಯ ತುಕ್ಕು ಉಜ್ಜಬೇಕು. ಗುಂಡಿ ತುಂಬಬೇಕು. ಬಿರುಕಿಗೆ ಅಂಟು ಇಳಿಸಬೇಕು. ಮೈ ಉಜ್ಜಿ, ಧೂಳು ತೆಗೆದು, ಒಣಗಿಸಬೇಕು. ಆಮೇಲೆ ಎಪಾಕ್ಸಿ ಎಂಬ ಅಂಟು ಬಳಿದು, ಹಾಳೆ ಇಟ್ಟು, ಗಾಳಿ ಉಳಿಯದಂತೆ ರೋಲರ್‌ನಿಂದ ಒತ್ತಬೇಕು. ಹಾಳೆಯ ಎಳೆ ಬಿರುಕಿಗೆ ಅಡ್ಡವಾಗಿ ಬರಬೇಕು. ಬಿರುಕಿನ ಉದ್ದಕ್ಕೇ ಇಟ್ಟರೆ ಪ್ರಯೋಜನ ಇಲ್ಲ. ಈ ಅಂಟು ಚರ್ಮಕ್ಕೆ ತಾಗಿದರೆ ತುರಿಕೆ, ಬೊಕ್ಕೆ ಬರಬಹುದು. ಕೈಗವಸು ಕೇಳಿ ಪಡೆಯಿರಿ.

ಕೆಲವು ಕಟ್ಟಡಗಳಲ್ಲಿ ಹಗುರ ಕಾಂಕ್ರೀಟು ಇರುತ್ತದೆ. ಜಲ್ಲಿಯ ಬದಲು ಸುಟ್ಟ ಜೇಡಿಮಣ್ಣಿನ ಇಲ್ಲವೇ ಹಾರುಬೂದಿಯ ಉಂಡೆ ಹಾಕಿರುತ್ತಾರೆ. ಇನ್ನು ಕೆಲವಕ್ಕೆ ನೊರೆ ಬೆರೆಸುತ್ತಾರೆ. ಇಲ್ಲಿ ಹೆಚ್ಚು ಎಚ್ಚರ ಬೇಕು. ಸುಣ್ಣ ಉದುರುವ ಗೋಡೆಗೆ ಕಾಗದ ಅಂಟಿಸಿ ನೋಡಿದ್ದೀರಾ? ಕಾಗದ ಹರಿಯುವುದಿಲ್ಲ. ಸುಣ್ಣವನ್ನೇ ಕಿತ್ತುಕೊಂಡು ಬೀಳುತ್ತದೆ. ಹಗುರ ಕಾಂಕ್ರೀಟಿನ ಮೈ ಮೆದು. ಭಾರ ಹೆಚ್ಚಾದರೆ ಹಾಳೆ ಕಾಂಕ್ರೀಟಿನ ಪದರವನ್ನೇ ಕಿತ್ತುಕೊಂಡು ಬರಬಹುದು. ಅದಕ್ಕೆ ಮೊದಲು ಒಂದು ಬಿಲ್ಲೆ ಅಂಟಿಸಿ, ಎಳೆದು ಪರೀಕ್ಷೆ ಮಾಡುತ್ತಾರೆ. ಬೆಂಕಿಯ ಭಯವೂ ಇದೆ. ಬಿಸಿ ಏರಿದರೆ ಅಂಟು ಮೆದುವಾಗುತ್ತದೆ. ಒಲೆ ಉರಿಯುವ ಕಡೆ ಇದನ್ನು ಮೊದಲೇ ಹೇಳಿ.

ಈ ಹಾಳೆಗೆ ದುಡ್ಡು ಜಾಸ್ತಿ. ಸಣ್ಣ ಬಿರುಕಿಗೆ ಇದು ಬೇಕಾಗಿಯೇ ಇಲ್ಲ. ಬೇಕೋ ಬೇಡವೋ ಅಂತ ಎಂಜಿನಿಯರ್ ನೋಡಿ ಲೆಕ್ಕ ಹಾಕಬೇಕು. ತುಕ್ಕಿನ ಮೇಲೆ ಗಾರೆ ಮೆತ್ತಿ ಬಣ್ಣ ಬಳಿದರೆ ರೋಗ ಒಳಗೇ ಉಳಿಯುತ್ತದೆ. ಸೂರು ಜೋತು ಬಿದ್ದಿದ್ದರೆ ಅದರ ಕೆಳಗೆ ಯಾರೂ ಮಲಗಬೇಡಿ. ಮೇಲಿನ ನೀರಿನ ಡ್ರಮ್ ಖಾಲಿ ಮಾಡಿಸಿ. ಎಂಜಿನಿಯರನ್ನು ಅವತ್ತೇ ಕರೆಸಿ.